ತರಗತಿಯ ಯಂತ್ರವೂ ತರುಣ ಶಿಕ್ಷಕರೂ

ಶಿಕ್ಷಕ ತರಬೇತಿಯಲ್ಲಿರುವ ತರುಣ ಮಿತ್ರರೇ,

ತರಗತಿಯಲ್ಲಿ ತಂತ್ರಜ್ಞಾನವನ್ನು ಬಳಸಿರೆಂದು ನಿಮಗೆ ಉಪದೇಶಿಸುವವರಿಗೆ ಇಂದು ಕೊರತೆಯಿಲ್ಲ. ಆದರೆ ಏಕೆ ಬಳಸಬೇಕೆಂಬುದು ಮನಸ್ಸಿಗೆ ನಾಟದ ಹೊರತು ಯಾವ ಉಪದೇಶವೂ ಫಲಿಸದು.

ಪ್ರಶ್ನೆ ಹಳೆಯದೇ. 1975ರ ಆಗಸ್ಟ್‌ನಿಂದ ಒಂದು ವರ್ಷ ಕಾಲ, ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನದ ಪಾಠಗಳು ತಲುಪಿದವು. 'ಸೈಟ್' ಎಂದು ಹೆಸರಾದ ಆ ಪ್ರಯೋಗದಲ್ಲಿ ಅಂದಿನ ಗುಲ್ಬರ್ಗಾ, ಬಿಜಾಪುರ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಇದ್ದವು. ಕನ್ನಡವೂ ಒಂದು ಪ್ರಸಾರಭಾಷೆಯಾಗಿತ್ತು. ಅದರೊಂದಿಗೆ ಸುಮಾರು 50,000 ಪ್ರಾಥಮಿಕ ಶಾಲಾ ಶಿಕ್ಷಕರಿಗೆ ವಿಜ್ಞಾನ ಬೋಧನೆಯ ತರಬೇತಿಯೂ ದೊರೆಯಿತು. ಅವಧಿ ಮುಗಿದೊಡನೆ ಉಪಗ್ರಹವನ್ನು ಹಿಂದಕ್ಕೆ ಒಯ್ದರು. ಶಿಕ್ಷಕರು ಕಲಿತದ್ದು ಅವರೊಡನೆಯೇ ಉಳಿಯಿತು. ಆದುದರಿಂದ ಉಪಕರಣಕ್ಕಿಂತ ಮೊದಲು ಶಿಕ್ಷಕರು ಸಿದ್ಧರಾಗಬೇಕು.

ಈಗ ನಮ್ಮ ಮುಂಬಯಿಯನ್ನೇ ನೋಡಿ. ಇಲ್ಲಿಯ ಕನ್ನಡ ಮಾಧ್ಯಮದ ಮಗು ಶಾಲೆಯ ಬಾಗಿಲು ದಾಟಿದೊಡನೆ ಮರಾಠಿ, ಹಿಂದಿಗಳನ್ನು ಕೇಳುತ್ತದೆ. ಎಷ್ಟೋ ಮನೆಗಳಲ್ಲಿ ಆಡುವ ಮಾತು ತುಳು ಇಲ್ಲವೆ ಕೊಂಕಣಿ. ಅಂಥ ಮಗುವಿಗೆ ದಿನವಿಡೀ ದೊರೆಯುವ ಕನ್ನಡವೆಂದರೆ ಶಿಕ್ಷಕರೊಬ್ಬರ ಧ್ವನಿ ಮಾತ್ರ. ನಿಮ್ಮ ಕೈಯಲ್ಲಿರುವ ಮೊಬೈಲು ಆ ಮಗುವಿಗೆ ಧಾರವಾಡದ, ಕುಂದಾಪುರದ, ಮೈಸೂರಿನ ಕನ್ನಡವನ್ನು ಕೇಳಿಸಬಲ್ಲದು. ಊರಿನಲ್ಲಿರುವ ಅಜ್ಜಿ ಹೇಳಿದ ಕತೆಯನ್ನು ಮಗುವೇ ಧ್ವನಿಮುದ್ರಿಸಿಕೊಂಡು ಬಂದು ತರಗತಿಯಲ್ಲಿ ಕೇಳಿಸಲಿ; ತಿಳಿಯದ ಪದಗಳನ್ನು ನೀವು ಕರಿಹಲಗೆಯ ಮೇಲೆ ಬರೆದು ವಿವರಿಸಿರಿ. ಇದು ಸೀಮೆಸುಣ್ಣವೊಂದರಿಂದಲೇ ಆಗದ ಕೆಲಸ. ಯಂತ್ರವೊಂದರಿಂದಲೇ ಆಗುವುದೂ ಅಲ್ಲ.

2017ರಲ್ಲಿ ಆರಂಭವಾದ 'ದೀಕ್ಷಾ' ವೇದಿಕೆಯಲ್ಲಿ ಪಾಠಗಳಿವೆ. ಆದರೆ ಅವುಗಳನ್ನು ಹಚ್ಚಿಟ್ಟು ಕುರ್ಚಿಯಲ್ಲಿ ಕುಳಿತರೆ ಮಗು ಪ್ರೇಕ್ಷಕನಾಗುವುದೇ ಹೊರತು ವಿದ್ಯಾರ್ಥಿಯಾಗದು. ಐದು ನಿಮಿಷ ತೋರಿಸಿರಿ, ನಿಲ್ಲಿಸಿರಿ, ಪ್ರಶ್ನೆ ಕೇಳಿರಿ.

"ಮಕ್ಕಳೆದುರು ಯಂತ್ರ ಕೈಕೊಟ್ಟರೆ?" ಎಂಬ ಅಂಜಿಕೆ ನಿಮ್ಮಲ್ಲಿರುವುದು ಸಹಜ. ಆ ಅಂಜಿಕೆ ಕಳೆಯಬೇಕಾದ ಸ್ಥಳ ತರಬೇತಿ ಕಾಲೇಜು. ಅಲ್ಲಿಯ ಗುರುಗಳು ತಂತ್ರಜ್ಞಾನದ ಬಗೆಗೆ ಟಿಪ್ಪಣಿ ಬರೆಸಿದರೆ ಸಾಲದು. ತಾವೇ ಬಳಸಿ ತೋರಿಸಬೇಕು, ಅಭ್ಯಾಸ ಪಾಠದಲ್ಲಿ ನಿಮಗೆ ತಪ್ಪುವ ಅವಕಾಶವನ್ನೂ ಕೊಡಬೇಕು. ವಿದ್ಯುತ್ತು ಹೋದರೆ ಪಾಠವನ್ನು ಹೇಗೆ ಮುಂದುವರಿಸುವಿರೆಂಬುದೂ ನಿಮ್ಮ ಪಾಠಯೋಜನೆಯಲ್ಲಿರಲಿ.

ಹೊರನಾಡಿನಲ್ಲಿ ಕನ್ನಡ ಶಾಲೆಗಳ ಬೆಂಚುಗಳು ಬರಿದಾಗುತ್ತಿರುವುದನ್ನು ನಾವೆಲ್ಲ ಕಂಡಿದ್ದೇವೆ. ಕನ್ನಡ ಶಾಲೆಗೆ ಕಳುಹಿಸಿದರೆ ಮಗು ಹಿಂದುಳಿಯುವುದೆಂಬ ತಂದೆತಾಯಿಗಳ ಭಯಕ್ಕೆ ಸಭೆಗಳ ನಿರ್ಣಯ ಉತ್ತರವಾಗದು. ನಿಮ್ಮ ತರಗತಿ ಉತ್ತರವಾಗಬಹುದು. ಬರುವ ವಾರ ಒಂದೇ ಒಂದು ಪಾಠದಿಂದ ಆರಂಭಿಸಿರೆಂದು ವಿನಂತಿಸಿ, ನನ್ನ ಮಾತನ್ನು ಮುಗಿಸುತ್ತೇನೆ.