ತುಕ್ಕಿನ ಬಣ್ಣ

ಬಟ್ಟೆಗೆ ತುಕ್ಕು ಹತ್ತಿದರೆ ಅದು ಕೆಟ್ಟಿತೆಂದೇ ನಮ್ಮೆಣಿಕೆ. ಆ ಕಲೆಯನ್ನೇ ಕಲೆಯಾಗಿಸಿಕೊಂಡವರೂ ಉಂಟು.

ನಿವೃತ್ತಿಯ ಬಿಡುವಿನಲ್ಲಿ ನಾನೂ ಈ ಪ್ರಯೋಗಕ್ಕೆ ಕೈಹಾಕಿದೆ. ಹಳೆಯ ಪಂಚೆಯ ತುಂಡನ್ನು ವಿನಿಗರಿನಲ್ಲಿ ನೆನೆಸಿ, ತುಕ್ಕು ಹಿಡಿದ ಲಾಳವೊಂದಕ್ಕೆ ಸುತ್ತಿ, ತೇವ ಆರದಂತೆ ಎರಡು ದಿನ ಇರಿಸಿದೆ. ಬಿಚ್ಚಿದಾಗ ಲಾಳದ ಆಕೃತಿ ಕಾವಿಗೆಂಪಾಗಿ ಮೂಡಿತ್ತು. ಅಳಲೆಕಾಯಿಯ ಕಷಾಯದಲ್ಲಿ ಅದ್ದಿ ಒಣಗಿಸಿದ್ದ ಮತ್ತೊಂದು ತುಂಡಿನಲ್ಲಿ ಅದೇ ಕಬ್ಬಿಣ ಕಪ್ಪಾಗಿ ಮೂಡಿತು. ಕಾಯಿಯ ಒಗರು ಕಬ್ಬಿಣದೊಡನೆ ಕೂಡಿದರೆ ಹುಟ್ಟುವುದು ಮಸಿ. ಶ್ರೀಕಾಳಹಸ್ತಿಯ ಕಲಂಕಾರಿ ಕಲಾವಿದರು ಕಬ್ಬಿಣದ ಚೂರುಗಳನ್ನು ಬೆಲ್ಲದ ನೀರಿನಲ್ಲಿ ದಿನಗಟ್ಟಲೆ ಕೊಳೆಹಾಕಿ ಪಡೆಯುವ ಕಪ್ಪಿನ ಗುಟ್ಟೂ ಇದೇ.

ಆದರೆ ಕಬ್ಬಿಣವು ಬಣ್ಣ ಕೊಟ್ಟು ಸುಮ್ಮನಿರದು. ಎಳೆಯನ್ನು ಮೆಲ್ಲನೆ ತಿನ್ನುತ್ತದೆ. ಹಳೆಯ ಕಲಂಕಾರಿ ವಸ್ತ್ರಗಳಲ್ಲಿ ಎಷ್ಟೋ ವೇಳೆ ಮೊದಲು ಜೀರ್ಣವಾಗುವುದು ಕಪ್ಪು ಗೆರೆಗಳೇ. ಅಡುಗೆ ಸೋಡಾದ ನೀರಿನಲ್ಲಿ ತೊಳೆದರೆ ಹುಳಿ ಹೋದೀತು, ಕಬ್ಬಿಣ ಹೋಗದು.

ನನ್ನ ತಾಯಿಯವರ ಬಿಳಿಯ ನೂಲಿನ ಸೀರೆಯೊಂದು ಪೆಟ್ಟಿಗೆಯಲ್ಲಿದೆ. ಅದಕ್ಕೂ ಈ ಬಣ್ಣ ಕಟ್ಟಬೇಕೆಂದು ಮೊಮ್ಮಗಳ ಆಸೆ. “ಪೆಟ್ಟಿಗೆಯಲ್ಲಿದ್ದರೆ ಯಾರು ನೋಡುತ್ತಾರೆ, ತಾತ?” ಎನ್ನುತ್ತಾಳೆ. ಮಾತಿನಲ್ಲಿ ಹುರುಳಿದೆ. ಕಾಣದೆ ಉಳಿಯುವುದು ಲೇಸೊ, ಕಂಡು ಅಳಿಯುವುದು ಲೇಸೊ? ಸೀರೆಯ ಒಡಲನ್ನು ಮಡಿಸಿಟ್ಟು, ಸೆರಗನ್ನು ಅವಳ ಕೈಗೆ ಕೊಟ್ಟಿದ್ದೇನೆ.