ಕತ್ತಿನ ಗ್ರಂಥಿ, ಎದೆಯ ಬಡಿತ



ಅರಿಶಿನ-ಕುಂಕುಮಕ್ಕೆ ನಾಲ್ಕು ಜನ ಸೇರಿದರೆ ಒಬ್ಬರಾದರೂ "ನನಗೆ ಥೈರಾಯ್ಡ್ ಇದೆ ರೀ" ಅನ್ನುತ್ತಾರೆ. ಮಾತು ಕೂಡಲೇ ತೂಕ, ಸುಸ್ತು, ಕೂದಲು ಉದುರುವುದರ ಕಡೆ ಹೋಗುತ್ತದೆ. ಹೃದಯದ ಮಾತು ಮಾತ್ರ ಬರುವುದಿಲ್ಲ. ಇವತ್ತು ಅದನ್ನೇ ಹೇಳುತ್ತೇನೆ.

ಈ ನಂಟು ವೈದ್ಯರಿಗೆ ಹಳೆಯದು. 1835ರಲ್ಲಿ ಡಬ್ಲಿನ್‌ನ ವೈದ್ಯ ರಾಬರ್ಟ್ ಗ್ರೇವ್ಸ್ ಕತ್ತಿನ ಗ್ರಂಥಿ ಊದಿದ್ದ ಮೂವರು ಮಹಿಳೆಯರ ಬಗ್ಗೆ ಬರೆದರು. ಮೂವರಿಗೂ ಜೋರಾದ ಎದೆಬಡಿತ ಇತ್ತು. ಥೈರಾಯ್ಡ್ ಅತಿಯಾಗಿ ಕೆಲಸ ಮಾಡುವ ಆ ಕಾಯಿಲೆಗೆ ಇಂದಿಗೂ ಗ್ರೇವ್ಸ್ ಹೆಸರೇ ಇದೆ.

ನಮ್ಮಲ್ಲಿ ಹೆಚ್ಚು ಕಾಣುವುದು ಇದರ ವಿರುದ್ಧದ ತೊಂದರೆ, ಹೈಪೋಥೈರಾಯ್ಡ್. ಬೆಂಗಳೂರು, ಮುಂಬಯಿ, ಗೋವಾ ಸೇರಿ ದೇಶದ ಎಂಟು ಕಡೆ ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೂರು ವಯಸ್ಕರಲ್ಲಿ ಸುಮಾರು 11 ಮಂದಿಗೆ ಇದು ಇತ್ತು. ಗಂಡಸರಿಗಿಂತ ಹೆಂಗಸರಲ್ಲೇ ಹೆಚ್ಚು.

ಹಾರ್ಮೋನು ಕಡಿಮೆಯಾದರೆ ಯಕೃತ್ತು ರಕ್ತದಲ್ಲಿನ ಕೆಟ್ಟ ಕೊಲೆಸ್ಟರಾಲನ್ನು ಸರಿಯಾಗಿ ತೆಗೆದುಹಾಕುವುದಿಲ್ಲ. ರಕ್ತನಾಳಗಳು ಬಿಗಿಯಾಗುತ್ತವೆ, ಬಿಪಿಯ ಕೆಳಗಿನ ಅಂಕಿ ಏರಬಹುದು, ನಾಡಿ ನಿಧಾನವಾಗುತ್ತದೆ. ಆದ್ದರಿಂದ ಕೊಲೆಸ್ಟರಾಲ್ ಹೆಚ್ಚಿದೆ ಎಂದು ರಿಪೋರ್ಟ್ ಬಂದರೆ ತುಪ್ಪವನ್ನು ಬೈಯುವುದರ ಜೊತೆಗೆ "ಟಿಎಸ್‌ಎಚ್ ನೋಡೋಣವೇ?" ಎಂದು ಡಾಕ್ಟರನ್ನು ಕೇಳಿ.

ಹಾರ್ಮೋನು ಹೆಚ್ಚಾದರೆ ಸುಮ್ಮನೆ ಕೂತಿದ್ದಾಗಲೂ ಎದೆ ಡವಗುಟ್ಟುತ್ತದೆ, ಕೈ ನಡುಗುತ್ತದೆ, ಉಂಡರೂ ತೂಕ ಇಳಿಯುತ್ತದೆ. ವಯಸ್ಸಾದವರಲ್ಲಿ ಹೃದಯದ ಲಯವೇ ತಪ್ಪಬಹುದು. ಆಗ ಹೃದಯದಲ್ಲಿ ರಕ್ತ ಹೆಪ್ಪುಗಟ್ಟಿ, ಅದು ಮೆದುಳಿಗೆ ಹೋದರೆ ಪಾರ್ಶ್ವವಾಯು. ನಾವೋ, "ಟೆನ್ಶನ್ನು", "ಮುಟ್ಟು ನಿಲ್ಲುವ ವಯಸ್ಸು" ಎಂದು ಸುಮ್ಮನಾಗುತ್ತೇವೆ. ತೂಕ ಇಳಿಯಲೆಂದು ಮಾತ್ರೆಯ ಡೋಸನ್ನು ತಾವೇ ಏರಿಸಿಕೊಳ್ಳುವವರೂ ಇದೇ ಅಪಾಯವನ್ನು ಮನೆಗೆ ಕರೆಯುತ್ತಾರೆ.

ಇನ್ನು ಮಾತ್ರೆಯ ವಿಚಾರ. ಹೈಪೋಥೈರಾಯ್ಡ್ ಮಾತ್ರೆಯನ್ನು ಬೆಳಿಗ್ಗೆ ಬರಿಹೊಟ್ಟೆಯಲ್ಲಿ, ಬರೀ ನೀರಿನ ಜೊತೆ ನುಂಗಿ. ಕಾಫಿ-ಚಹಾಕ್ಕೆ ಅರ್ಧದಿಂದ ಒಂದು ಗಂಟೆ ಕಾಯಿರಿ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿಗೆ ನಾಲ್ಕು ಗಂಟೆ ಅಂತರವಿರಲಿ. ಸಂಕಷ್ಟಿ, ಏಕಾದಶಿ ಎಂದು ಮಾತ್ರೆ ಬಿಡಬೇಡಿ. ಔಷಧಿಯಿಂದ ಉಪವಾಸ ಕೆಡುವುದಿಲ್ಲ. ಕೂದಲಿಗೆಂದು ಬಯೋಟಿನ್ ತೆಗೆದುಕೊಳ್ಳುತ್ತಿದ್ದರೆ ರಕ್ತಪರೀಕ್ಷೆಗೆ ಮೊದಲೇ ತಿಳಿಸಿ, ಅದರಿಂದ ಫಲಿತಾಂಶ ತಪ್ಪು ಬರಬಹುದು. ಮೊದಲೇ ಹೃದಯದ ಕಾಯಿಲೆ ಇದ್ದವರಿಗೆ ಡಾಕ್ಟರು ಕಡಿಮೆ ಡೋಸಿನಿಂದ ಶುರುಮಾಡಿ ನಿಧಾನಕ್ಕೆ ಏರಿಸುತ್ತಾರೆ. ಅವಸರ ಮಾಡಬೇಡಿ. ಟಿಎಸ್‌ಎಚ್ ಸ್ವಲ್ಪ ಮಾತ್ರ ಏರಿದ್ದರೆ ಎಲ್ಲರಿಗೂ ಮಾತ್ರೆ ಬೇಕಾಗುವುದೂ ಇಲ್ಲ. ಅದನ್ನು ಡಾಕ್ಟರೇ ತೀರ್ಮಾನಿಸಲಿ.

ಒಂದು ಎಚ್ಚರಿಕೆ: ಎದೆನೋವು, ಉಸಿರುಕಟ್ಟುವುದು, ತಲೆಸುತ್ತಿ ಬೀಳುವುದು ಆದರೆ ಥೈರಾಯ್ಡ್ ಎಂದು ಊಹಿಸುತ್ತಾ ಕೂರಬೇಡಿ. ನೇರವಾಗಿ ಆಸ್ಪತ್ರೆಗೆ ಹೋಗಿ.

ಕೊನೆಯದಾಗಿ, ಧಾರವಾಡ, ಬೆಳಗಾವಿ ಕಡೆಯಿಂದ ಮಕ್ಕಳ ಮನೆಗೆಂದು ಪುಣೆಗೆ ಬಂದ ನಮ್ಮ ಅಮ್ಮ, ಅತ್ತೆಯರ ಮಾತು. "ಎದಿ ಹಾರಾಕತ್ತೈತಿ" ಎಂದು ಅವರು ಮನೆಯಲ್ಲಿ ಹೇಳುತ್ತಾರೆ. ಇಲ್ಲಿನ ಡಾಕ್ಟರ ಮುಂದೆ ಮರಾಠಿ ಬಾರದೆ "ಸುಸ್ತು" ಎಂದಷ್ಟೇ ಹೇಳಿ ಬರುತ್ತಾರೆ. "ಛಾತೀತ್ ಧಡಧಡ್ ಹೋತೆ" ಎಂಬ ಮೂರು ಮಾತು ಅವರಿಗೆ ಕಲಿಸಿ. ಆಗದಿದ್ದರೆ ಜೊತೆಗೆ ಹೋಗಿ ನೀವೇ ಹೇಳಿ. ಹಳೆಯ ರಿಪೋರ್ಟುಗಳನ್ನೂ ಈಗ ನುಂಗುತ್ತಿರುವ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿ ಒಯ್ಯಿರಿ.