ಹಿತ್ತಲ ಕೋಳಿ ಕಲಿಸಿದ ಸಹಕಾರದ ಪಾಠ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ಮಹಿಳಾ ಸದಸ್ಯರ ಸಭೆಯಲ್ಲಿ ಸದಸ್ಯೆಯೊಬ್ಬರು ಆಡಿದ ಮಾತುಗಳ ಬರಹ ರೂಪ)



ಉಪಕಸುಬಿನ ಬಗ್ಗೆ ಎರಡು ಮಾತು ಹೇಳಿ ಎಂದು ಕಾರ್ಯದರ್ಶಿಗಳು ಹೇಳಿದರು. ನಾನು ಭಾಷಣ ಮಾಡಿದವಳಲ್ಲ. ಸಂಘ ಶುರುವಾದ ದಿನದಿಂದ ಹಾಲು ಹಾಕುತ್ತಿದ್ದೇನೆ, ಹಸುವಿನ ವಿಷಯ ನಿಮಗೆ ಗೊತ್ತಿಲ್ಲದ್ದನ್ನು ನಾನು ಹೇಳಲಾರೆ. ಆದ್ದರಿಂದ ಕೋಳಿಯ ವಿಷಯ ಹೇಳುತ್ತೇನೆ. ಅದರಲ್ಲಿ ನಾನು ಮಾಡಿದಷ್ಟು ತಪ್ಪು ಇಲ್ಲಿ ಯಾರೂ ಮಾಡಿರಲಾರರು!

ನಮ್ಮ ಅತ್ತೆಯವರಿದ್ದಾಗ ಮನೆಯಲ್ಲಿ ಕೋಳಿ ಸಾಕುವಂತಿರಲಿಲ್ಲ. ಸೊಪ್ಪಿನ ಮಡಿ ಕೆದಕಿ ಹಾಕುತ್ತವೆ ಎಂದು ಅವರಿಗೆ ಕೋಪ. ಅವರು ಹೋದ ಮೇಲೆ, ಈಗ್ಗೆ ಮೂರು ವರ್ಷದ ಹಿಂದೆ, ಹತ್ತು ದಿನದ 12 ಗಿರಿರಾಜ ಪಿಳ್ಳೆಗಳನ್ನು ತಂದೆ. ಇದು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನವರು ಹಿತ್ತಲಲ್ಲಿ ಸಾಕಲೆಂದೇ ಬೆಳೆಸಿದ ತಳಿ. ತವರಿನಿಂದ ಎರಡು ನಾಟಿ ಹ್ಯಾಟೆ ಬಂದವು. ಕೊಟ್ಟಿಗೆಯ ಮೂಲೆಯಲ್ಲಿ ಯಜಮಾನರು ಬಿದಿರು, ಜಾಲರಿ ಸೇರಿಸಿ ಗೂಡು ಮಾಡಿಕೊಟ್ಟರು. ಎರಡು ಹಿಡಿ ರಾಗಿ ಎರಚಿದರೆ ಕೋಳಿ ತಾನಾಗಿ ಬೆಳೆಯುತ್ತದೆ ಎಂದು ನಾನು ತಿಳಿದಿದ್ದೆ.

ಮೂರನೇ ರಾತ್ರಿ ಮಳೆ ಬಂತು. ಚಳಿಗೆ ಪಿಳ್ಳೆಗಳು ಒಂದರ ಮೇಲೊಂದು ಬಿದ್ದು, ಅಡಿಯಲ್ಲಿದ್ದ ಎರಡು ಬೆಳಿಗ್ಗೆ ಸತ್ತಿದ್ದವು. ತಾಯಿ ಇಲ್ಲದ ಪಿಳ್ಳೆಗೆ ಮೊದಲ ವಾರ 95 ಡಿಗ್ರಿ ಫ್ಯಾರನ್‌ಹೀಟ್‌ನಷ್ಟು ಬಿಸಿ ಬೇಕು, ಮುಂದೆ ವಾರವಾರಕ್ಕೆ ಐದೈದು ಡಿಗ್ರಿ ಇಳಿಸಬೇಕು ಎಂದು ಆಮೇಲೆ ತಿಳಿಯಿತು. ಅಳೆಯಲು ಯಂತ್ರವೇನೂ ಬೇಡ. ಬಲ್ಬು ಇಳಿಬಿಟ್ಟು ಪಿಳ್ಳೆಗಳನ್ನು ನೋಡಿ. ಬಲ್ಬಿನಡಿ ಗುಂಪುಗೂಡಿದರೆ ಚಳಿ, ದೂರ ಓಡಿ ಬಾಯಿ ತೆರೆದರೆ ಸೆಕೆ, ಎಲ್ಲ ಕಡೆ ಹರಡಿ ಮೇಯುತ್ತಿದ್ದರೆ ಸರಿಯಾಗಿದೆ ಎಂದು ಅರ್ಥ.

ಆಮೇಲೆ ಅದೇ ನನ್ನ ದಿನಚರಿಯಾಯಿತು. ಬೆಳಿಗ್ಗೆ ಹಾಲು ಕರೆದು ಡೇರಿಗೆ ಹಾಕಿ ಬಂದ ಮೇಲೆ ಗೂಡು ತೆಗೆಯುವುದು, ನೀರಿನ ಬಟ್ಟಲು ತೊಳೆದಿಡುವುದು, ನುಚ್ಚು, ರಾಗಿ ಹಾಕುವುದು. ಮಿಕ್ಕದ್ದನ್ನು ಅವು ತಿಪ್ಪೆಯಲ್ಲೇ ಕೆದಕಿ ತಿನ್ನುತ್ತಿದ್ದವು. ಕೊಟ್ಟಿಗೆಯಲ್ಲಿ ಉದುರಿದ ಉಣ್ಣೆಯನ್ನೂ ಹೆಕ್ಕುತ್ತಿದ್ದವು. ಹಗಲು ಮುಂಗುಸಿ, ಇರುಳು ಕಾಡುಬೆಕ್ಕು. ಸಂಜೆ ಎಣಿಸಿ ಗೂಡು ಮುಚ್ಚದೆ ನಾನು ಒಲೆ ಹಚ್ಚುತ್ತಿರಲಿಲ್ಲ.

ಆರು ತಿಂಗಳಾಗುತ್ತಲೇ ಒಂದು ದಿನ ಗೋದಲಿಯ ಹುಲ್ಲಿನಲ್ಲಿ ಮೊದಲ ಮೊಟ್ಟೆ ಸಿಕ್ಕಿತು. ಅವತ್ತು ನನಗಾದ ಸಂತೋಷ ಬಟವಾಡೆಯ ದಿನವೂ ಆಗಿರಲಿಲ್ಲ! ಗಿರಿರಾಜ ಮೊಟ್ಟೆ ಇಡುತ್ತದೆ, ಕಾವಿಗೆ ಕೂರುವುದು ಅಪರೂಪ. ಅದಕ್ಕೇ ನಾಟಿ ಹ್ಯಾಟೆ ಬೇಕು. 12 ಮೊಟ್ಟೆ ಕೂರಿಸಿದೆ. ಏಳನೇ ರಾತ್ರಿ ಬೆಳಕಿಗೆ ಹಿಡಿದು ನೋಡಿ, ನರ ಕಾಣದ ಗೊಡ್ಡು ಮೊಟ್ಟೆಗಳನ್ನು ತೆಗೆದೆ. 21ನೇ ದಿನಕ್ಕೆ ಒಂಬತ್ತು ಪಿಳ್ಳೆ ಹೊರಬಂದವು. ಕೋಳಿ ಸಾಕುವುದು ಇಷ್ಟೇ ತಾನೇ ಎಂದು ನನಗೆ ಜಂಬ ಬಂತು.

ಯುಗಾದಿಗೆ ಮುಂಚೆ ಸಂತೆಯಲ್ಲಿ ಒಂದು ಹ್ಯಾಟೆ ಅಗ್ಗಕ್ಕೆ ಸಿಕ್ಕಿತು. ತಂದು ಅವತ್ತೇ ಗೂಡಿಗೆ ಬಿಟ್ಟೆ. ನಾಲ್ಕನೇ ದಿನ ಅದು ತೂಕಡಿಸತೊಡಗಿತು. ಹಸಿರು ಬಣ್ಣದ ನೀರು ಭೇದಿ, ಏದುಸಿರು, ಕತ್ತು ತಿರುಚಿಕೊಂಡಿತು. ವಾರ ಹತ್ತು ದಿನದಲ್ಲಿ ದೊಡ್ಡವು ಚಿಕ್ಕವು ಸೇರಿ 18 ಇದ್ದ ನನ್ನ ಕೋಳಿಯಲ್ಲಿ ಮೂರು ಉಳಿದವು. ಮೊದಲು ಸತ್ತದ್ದನ್ನು ತಿಪ್ಪೆಗೆ ಎಸೆದಿದ್ದೆ. ನಾಯಿ ಎಳೆದುಕೊಂಡು ಹೋಯಿತು.

ಅದು ಹೋದದ್ದು ಪಕ್ಕದ ಮನೆ ಅಜ್ಜಿಯ ಹಿತ್ತಲಿಗೆ. ಅಜ್ಜಿಗೆ ಹಸುವಿಲ್ಲ, ಹೊಲವಿಲ್ಲ. ಆರು ಕೋಳಿ ಇದ್ದವು. ಮೊಟ್ಟೆ ಮಾರಿದ ದುಡ್ಡಿನಲ್ಲಿ ಅವರ ಎಲೆ ಅಡಿಕೆ, ಸೋಪು, ಮಾತ್ರೆ. ಆರೂ ಸತ್ತವು. ನನಗೆ ತಿಳಿದದ್ದು ಮೂರು ದಿನ ಕಳೆದ ಮೇಲೆ. ಅಜ್ಜಿ ಬೈಯಲಿಲ್ಲ. "ನಿನ್ನ ಕೋಳಿ ಸತ್ತಾಗ ನೀನು ಅತ್ತಿದ್ದು ನನಗೆ ಕೇಳಿಸ್ತು ಕಣವ್ವ. ನನ್ನವು ಸತ್ತಿದ್ದು ನಿನಗೆ ಕೇಳಿಸಲಿಲ್ಲ" ಎಂದರು. ಆ ಮಾತು ಇವತ್ತಿಗೂ ನನ್ನ ಮನಸ್ಸಿನಿಂದ ಹೋಗಿಲ್ಲ.

ಪಶುವೈದ್ಯರು ಬಂದು ನೋಡಿ ಇದು ಕೊಕ್ಕರೆ ರೋಗ ಎಂದರು. ನಮ್ಮ ದೇಶದಲ್ಲಿ 1927ರಲ್ಲಿ ಉತ್ತರದ ರಾಣಿಖೇತ್ ಎಂಬ ಊರಿನಲ್ಲಿ ಮೊದಲು ಕಂಡದ್ದರಿಂದ ರಾಣಿಖೇತ್ ರೋಗ ಎಂದೂ ಹೇಳುತ್ತಾರಂತೆ. ಬಂದ ಮೇಲೆ ಔಷಧಿಯಿಲ್ಲ, ಬರುವ ಮುಂಚೆ ಲಸಿಕೆಯೊಂದೇ ದಾರಿ. ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಒಂದು ತೊಟ್ಟು, ಆಮೇಲೆ ಎಂಟು ವಾರದ ಸುಮಾರಿಗೆ ರೆಕ್ಕೆಯ ಕೆಳಗೆ ಸೂಜಿ. ನನ್ನ ಪಿಳ್ಳೆಗಳಿಗೆ ಮೊದಲನೆಯದು ಆಗಿತ್ತು. ಎರಡನೆಯದನ್ನು ನಾನು ಮರೆತೆ. ಮನೆಯಲ್ಲೇ ಒಡೆದ ಪಿಳ್ಳೆಗಳಿಗೆ ಒಂದನ್ನೂ ಹಾಕಿಸಿರಲಿಲ್ಲ.

ಉಳಿದ ಮೂರಕ್ಕಾದರೂ ಹಾಕಿಸೋಣ ಎಂದು ಆಸ್ಪತ್ರೆಗೆ ಹೋದರೆ ಡಾಕ್ಟರು ನಕ್ಕರು. ಸೀಸೆ ನೂರು ಕೋಳಿಗಾಗುವಂಥದ್ದು. ಐಸಿನಲ್ಲೇ ತರಬೇಕು, ಒಮ್ಮೆ ಕಲಸಿದರೆ ಎರಡು ಗಂಟೆಯೊಳಗೆ ಮುಗಿಸಬೇಕು. "ಮೂರು ಕೋಳಿಗೆ ನೂರರ ಸೀಸೆ ಒಡೆಯಲೇನಮ್ಮ? ಕೇರಿಯವರನ್ನೆಲ್ಲ ಸೇರಿಸಿ" ಎಂದರು.

ನೋಟ್‌ಬುಕ್ ಹಿಡಿದು ಮನೆಮನೆಗೆ ಹೋದೆ. ಕೆಲವರು "ಕೋಳಿಗೂ ಸೂಜಿಯಾ?" ಎಂದು ನಕ್ಕರು. ಹದಿನಾಲ್ಕು ಮನೆಯವರು ಒಪ್ಪಿದರು, ತೊಂಬತ್ತರ ಮೇಲೆ ಕೋಳಿ ಆದವು. ಬೆಳಗಿನ ಜಾವ, ಗೂಡು ತೆಗೆಯುವ ಮುಂಚೆಯೇ ಮನೆಯಿಂದ ಮನೆಗೆ ಹೋಗಿ ಮುಗಿಸಿದೆವು. ಅಲ್ಲಿಂದ ಇಲ್ಲಿಯವರೆಗೆ ನಮ್ಮ ಕೇರಿಗೆ ಆ ರೋಗ ಬಂದಿಲ್ಲ. ಮುಂದಿನ ಕಾವಿನಲ್ಲಿ ಎದ್ದ ಪಿಳ್ಳೆಗಳಲ್ಲಿ ಆರನ್ನು ಅಜ್ಜಿಗೆ ಕೊಡಲು ಹೋದಾಗ ಅವರು ಕೇಳಿದ ಮೊದಲ ಮಾತು: "ತೊಟ್ಟು ಹಾಕ್ಸಿದ್ದೀಯೇನವ್ವ?"

ಬಂಧುಗಳೇ, ಒಬ್ಬರ ಹುಳಿ ಹಾಲು ಇಡೀ ಕ್ಯಾನನ್ನು ಕೆಡಿಸುತ್ತದೆ ಎಂಬುದು ನಮಗೆಲ್ಲ ಗೊತ್ತು. ಕೋಳಿಯೂ ಹಾಗೆಯೇ. ಹಿತ್ತಲಿಗೆ ಬೇಲಿಯುಂಟು, ರೋಗಕ್ಕಿಲ್ಲ. ಆದ್ದರಿಂದ ಹೊಸದಾಗಿ ಸಾಕುವವರಿಗೆ ನನ್ನ ಮನವಿ ಇಷ್ಟೇ. ಹೊರಗಿನಿಂದ ತಂದ ಕೋಳಿಯನ್ನು ಮೂರು ವಾರ ಬೇರೆಯೇ ಇಡಿ. ಸತ್ತ ಕೋಳಿಯನ್ನು ಎಸೆಯಬೇಡಿ, ಸುಣ್ಣ ಹಾಕಿ ಆಳವಾಗಿ ಹೂಳಿ. ಕಾಯಿಲೆ ಬಂದರೆ ಮುಚ್ಚಿಡಬೇಡಿ, ನೆರೆಯವರಿಗೆ ಅವತ್ತೇ ಹೇಳಿ.

ಆಡಳಿತ ಮಂಡಳಿಯವರಲ್ಲಿ ಒಂದು ವಿನಂತಿ. ಡೇರಿ ಮುಂದಿನ ಬೋರ್ಡಿನಲ್ಲಿ ಬಟವಾಡೆಯ ತಾರೀಖು ಬರೆಯುತ್ತೀರಿ. ಅದರ ಕೆಳಗೇ ಕೋಳಿ ಲಸಿಕೆಯ ತಾರೀಖನ್ನೂ ಬರೆಸಿ. ಹಸುವಿಲ್ಲದ ಮನೆಯವರೂ ಆ ದಿನ ನಮ್ಮ ಸಂಘದ ಬಾಗಿಲಿಗೆ ಬರುವಂತಾಗಲಿ. ಬೆಳ್ಳಿಹಬ್ಬದ ವರ್ಷದಲ್ಲಿ ಇದೊಂದು ಆದರೆ ಪಕ್ಕದ ಮನೆ ಅಜ್ಜಿಯ ಋಣ ಸ್ವಲ್ಪ ತೀರಿತು ಎಂದುಕೊಳ್ಳುತ್ತೇನೆ.